ಬೆಳಕಿಗೆ ಓಡುವ ಬಂಡಿ ಕಟ್ಟುತ್ತಿರುವ ಪುಟ್ಟನಿಗೆ

ಮೈಸೂರು
ಭಾನುವಾರ ಬೆಳಿಗ್ಗೆ

ಚಿ. ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಆದರೆ ನಿನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದಾಗ ನಿನ್ನ ದನಿ ಕೇಳಿ, ಹುಡುಗ ಊಟ ಮಾಡಿದ್ದಾನೋ ಇಲ್ಲವೋ ಅನ್ನಿಸಿತು. ಮೊದಲು ಹೊತ್ತಿಗೆ ಸರಿಯಾಗಿ ಊಟ ಮಾಡು. ಹಸಿದ ಕೈಯಲ್ಲಿ ಸಾಲ್ಡರಿಂಗ್ ಐರನ್ ನಡುಗುತ್ತದೆ. ಮೂವತ್ತೊಂದು ವರ್ಷ ಆ ಕೆಲಸದಲ್ಲಿದ್ದವಳು ಹೇಳುತ್ತಿದ್ದೇನೆ.

"ಟಾರ್ಚ್ ಬಿಟ್ಟರೆ ಎಲ್‌ಇಡಿ ಹತ್ತುತ್ತೆ ಅತ್ತೆ. ಎಲ್‌ಇಡಿ ತೆಗೆದು ಮೋಟರ್ ಹಾಕಿದರೆ ಒಂದು ಸಲ ಗುಂಯ್ ಅಂದು ಸುಮ್ಮನಾಗುತ್ತೆ. ಟ್ರಾನ್ಸಿಸ್ಟರ್ ಮುಟ್ಟಿದರೆ ಕೈ ಸುಡುತ್ತೆ" ಅಂದೆ. ಫೋನಿನಲ್ಲಿ ಇದಕ್ಕೆ ಉತ್ತರ ಹೇಳಲು ನನಗೆ ಬರುವುದಿಲ್ಲ. ಲೆಕ್ಕವನ್ನು ಕಾಗದದ ಮೇಲೆ ನೋಡಬೇಕು. ನೀನು ಕಳಿಸಿದ ಸ್ಪರ್ಧೆಯ ನಿಯಮಗಳನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಎರಡು ಸಲ ಓದಿದೆ. ಬೆಳಕು ಬಿದ್ದಾಗ ಬಂಡಿ ಹೊರಡಬೇಕು, ಟಾರ್ಚ್ ತೋರಿಸಿದ ಕಡೆ ತಿರುಗಬೇಕು, ಬೆಳಕು ತೆಗೆದರೆ ನಿಲ್ಲಬೇಕು, ಮೈಕ್ರೋಕಂಟ್ರೋಲರ್ ಬಳಸುವಂತಿಲ್ಲ. ಆ ಕೊನೆಯ ನಿಯಮ ಬರೆದ ಮೇಷ್ಟ್ರು ಯಾರೋ, ಅವರಿಗೆ ನನ್ನ ನಮಸ್ಕಾರ ತಿಳಿಸು. ಇನ್ನೂ ಮೂರು ವಾರ ಇದೆ. ಸಾಕಷ್ಟು ಸಮಯ. ಗಾಬರಿ ಬೇಡ.

ನಿನ್ನ ಟ್ರಾನ್ಸಿಸ್ಟರ್ ಯಾಕೆ ಸುಟ್ಟಿತು ಅನ್ನುವುದನ್ನು ಮೊದಲು ನೋಡೋಣ. ನೀನು ಹಾಕಿದ್ದು ಬಿಸಿ547 ಎಂಬ ಸಣ್ಣ ಟ್ರಾನ್ಸಿಸ್ಟರ್. ಅದರ ಕಲೆಕ್ಟರ್ ಮೂಲಕ, ಅಂದರೆ ಮೋಟರಿಗೆ ಜೋಡಿಸಿದ ಕಾಲಿನ ಮೂಲಕ, ಹರಿಯಬಹುದಾದದ್ದು ಹೆಚ್ಚೆಂದರೆ 100 ಮಿಲಿಆಂಪಿಯರ್. ಎಲ್‌ಇಡಿಗೆ ಬೇಕಾದದ್ದು ಹದಿನೈದು. ಹಾಗಾಗಿ ಎಲ್‌ಇಡಿ ಸುಖವಾಗಿ ಹತ್ತಿತು, ಸರ್ಕ್ಯೂಟ್ ಸರಿಯಿದೆ ಎಂದು ನೀನು ನಂಬಿದೆ. ಮೋಟರಿನ ಹಸಿವೇ ಬೇರೆ. ಬೇಸಿಗೆ, ಅಂದರೆ ಟ್ರಾನ್ಸಿಸ್ಟರನ್ನು ತೆರೆಯುವ ಕಾಲಿಗೆ, ನೀನು ಹಾಕಿರುವ 10 ಕಿಲೋಓಮ್ ರೆಸಿಸ್ಟರ್ ಮೂಲಕ ಮುಕ್ಕಾಲು ಮಿಲಿಆಂಪಿಯರ್ ಕೂಡ ಸರಿಯಾಗಿ ಹೋಗುವುದಿಲ್ಲ. ಗೇನ್, ಅಂದರೆ ಬೇಸಿನ ಕರೆಂಟನ್ನು ಹೆಚ್ಚಿಸುವ ಪಟ್ಟು, ಇನ್ನೂರು ಅಂದುಕೊಂಡರೆ ಕಲೆಕ್ಟರಿನಲ್ಲಿ 150 ಮಿಲಿಆಂಪಿಯರ್. ಮೋಟರಿನ ಸುರುಳಿ ಐದು ಓಮ್ ಇದ್ದರೆ ಅದಕ್ಕೆ ದಕ್ಕಿದ್ದು ಮುಕ್ಕಾಲು ವೋಲ್ಟ್. ಮಿಕ್ಕ ವೋಲ್ಟೇಜೆಲ್ಲ ಟ್ರಾನ್ಸಿಸ್ಟರಿನ ತಲೆಯ ಮೇಲೆ. ಒಂಬತ್ತರ ಬ್ಯಾಟರಿ ಏಳಕ್ಕೆ ಕುಸಿದಿತ್ತು ಅಂದುಕೊಂಡರೂ, ಆರು ವೋಲ್ಟಿಗೆ 0.15 ಆಂಪಿಯರ್ ಗುಣಿಸು: 0.9 ವ್ಯಾಟ್. ಆ ಸಣ್ಣ ಕಪ್ಪು ತುಂಡು ತಡೆದುಕೊಳ್ಳುವುದು ಅರ್ಧ ವ್ಯಾಟ್ ಚಿಲ್ಲರೆ. ಪೂರ್ತಿ ತೆರೆಯಲೂ ಆಗದೆ ಮುಚ್ಚಲೂ ಆಗದೆ ಅರ್ಧ ಬಾಗಿಲಲ್ಲಿ ನಿಂತು ಬೆಂದಿದೆ ಪಾಪ.

ಇದನ್ನು ಕೊಳ್ಳುವ ಮೊದಲೇ ತಿಳಿಯಲು ಒಂದು ದಾರಿ ಇದೆ. ಮೋಟರನ್ನು ಯಾವುದಕ್ಕೂ ಜೋಡಿಸದೆ, ಅದರ ಎರಡು ಕಿವಿಗಳಿಗೆ ಮಲ್ಟಿಮೀಟರ್ ಹಚ್ಚಿ, 200 ಓಮ್ ಅಳತೆಯಲ್ಲಿಟ್ಟು, ಚಕ್ರವನ್ನು ಕೈಯಿಂದ ಸಾವಕಾಶ ತಿರುಗಿಸಿ ನಿಲ್ಲಿಸುತ್ತಾ ಹೋಗು. ಸಂಖ್ಯೆ ಏರಿಳಿಯುತ್ತದೆ. ನಿಲ್ಲಿಸಿದಾಗ ಕಾಣುವ ಕನಿಷ್ಠವನ್ನು ಬರೆದುಕೊ. ಮೀಟರಿನ ತಂತಿಗಳದ್ದೇ ಅರ್ಧ ಓಮ್ ಇರಬಹುದು, ಎರಡು ಮೊನೆ ತಾಗಿಸಿ ನೋಡಿ ಅದನ್ನು ಕಳೆ. ಉಳಿದದ್ದರಿಂದ ನಿನ್ನ ವೋಲ್ಟೇಜನ್ನು ಭಾಗಿಸು. ನೀನು ಹೇಳಿದ ಹಳದಿ ಗೇರ್ ಮೋಟರು, ಆರು ವೋಲ್ಟ್, ಐದು ಓಮ್ ಅಂದರೆ 1.2 ಆಂಪಿಯರ್. ಖಾಲಿ ತಿರುಗುವಾಗ ಅದೇ ಮೋಟರ್ 150 ಮಿಲಿಆಂಪಿಯರ್ ಆಸುಪಾಸಿನಲ್ಲಿ ತೃಪ್ತಿಯಾಗುತ್ತದೆ. ತಿರುಗಲು ತೊಡಗಿದ ಮೇಲೆ ಅದು ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ, ಆಗ ಕರೆಂಟ್ ಇಳಿಯುತ್ತದೆ. ನಿಂತಿರುವಾಗ ಅದು ಬರೀ ತಾಮ್ರದ ತಂತಿ. ಎತ್ತಿನ ಗಾಡಿ ಕೆಸರಿನಿಂದ ಮೇಲೇಳುವ ಆ ಒಂದು ಗಳಿಗೆಗೆ ಎಷ್ಟು ಬಲ ಬೇಕೋ ಅಷ್ಟನ್ನು ನೀನು ಕೊಡಲೇಬೇಕು, ಆಮೇಲೆ ರಸ್ತೆ ಎಷ್ಟೇ ಸಮವಾಗಿರಲಿ. ಬೆಳಕು ಬಿದ್ದಾಗಲೆಲ್ಲ ನಿನ್ನ ಬಂಡಿ ಆ ಗಳಿಗೆಯನ್ನು ದಾಟಬೇಕು.

ಅದಕ್ಕೆ ಆ ಚೌಕದ ಒಂಬತ್ತು ವೋಲ್ಟ್ ಬ್ಯಾಟರಿಯನ್ನು ಪಕ್ಕಕ್ಕಿಡು. ಅದು ರೇಡಿಯೋಗೆ, ಗಡಿಯಾರದ ಅಲಾರಮ್ಮಿಗೆ ಹುಟ್ಟಿದ್ದು. ಒಂದು ಆಂಪಿಯರ್ ಕೇಳಿದರೆ ಅಲ್ಲೇ ಕುಸಿಯುತ್ತದೆ. ಪೆನ್‌ಸೆಲ್ ನಾಲ್ಕು, ಆಲ್ಕಲೈನ್, ಅಥವಾ ರೀಚಾರ್ಜ್ ಮಾಡುವ ನಿಕಲ್ ಸೆಲ್ ಐದು: ತಲಾ 1.2ರಂತೆ ಆರು ವೋಲ್ಟ್. ಬಿಸಿ547ರ ಬದಲು ಐಆರ್‌ಎಲ್‌ಝಡ್44ಎನ್ ಅನ್ನುವ ಮಾಸ್ಫೆಟ್ ಹಾಕು; ಇದು ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರೆ ತೆರೆಯುವ ಟ್ರಾನ್ಸಿಸ್ಟರ್. ಹೆಸರಿನ ನಡುವಿನ ಆ 'ಎಲ್' ಅಕ್ಷರ ಗಮನಿಸು. ಐಆರ್‌ಎಫ್‌ಝಡ್44ಎನ್ ಎಂದು ಇನ್ನೊಂದಿದೆ, ನೋಡಲು ಅವಳಿ ಮಕ್ಕಳು. ಆದರೆ ಎಫ್‌ನವನು ಪೂರ್ತಿ ತೆರೆಯಲು ಗೇಟಿಗೆ ಹತ್ತು ವೋಲ್ಟ್ ಕೇಳುತ್ತಾನೆ, ಎಲ್‌ನವನು ನಾಲ್ಕೈದಕ್ಕೆ ತೆರೆಯುತ್ತಾನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದರೂ ನಿಮ್ಮೂರಿನ ಅಂಗಡಿಯಲ್ಲಿ ತಂದರೂ ಕೌಂಟರಿನಲ್ಲೇ ನಿಂತು ಅಕ್ಷರ ಓದಿಕೊ. ನಾಲ್ಕು ತೆಗೆದುಕೊ, ಎರಡು ಬಂಡಿಗೆ, ಎರಡು ಜೇಬಿಗೆ.

ಈಗ ಬಂಡಿಯ ಕಣ್ಣಿನ ವಿಷಯಕ್ಕೆ ಬರುತ್ತೇನೆ, ಅಂದರೆ ಬೆಳಕು ಬಿದ್ದಾಗ ರೋಧ (ರೆಸಿಸ್ಟೆನ್ಸ್) ಇಳಿಯುವ ಆ ಎಲ್‌ಡಿಆರ್. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ.

ನನಗೆ ಕೆಲಸ ಸಿಕ್ಕ ಹೊಸದರಲ್ಲಿ, ಬೆಂಗಳೂರಿನ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ, ನನ್ನ ಮೇಜಿಗೆ ಒಂದು ಬೋರ್ಡು ಬಂತು. ಬೆಳಿಗ್ಗೆ ಎಲ್ಲ ಅಳತೆಯೂ ಸರಿ. ಮಧ್ಯಾಹ್ನ ಮೂರೂವರೆ ಆಯಿತೆಂದರೆ ಒಂದು ವೋಲ್ಟೇಜ್ ತೇಲಲು ಶುರು. ಐದು ಗಂಟೆಗೆ ಫೇಲ್. ಮರುದಿನ ಬೆಳಿಗ್ಗೆ ಮತ್ತೆ ಪಾಸ್. ಮೂರು ದಿನ ಕೆಪಾಸಿಟರ್ ಬದಲಿಸಿದೆ, ಟ್ರಾನ್ಸಿಸ್ಟರ್ ಬದಲಿಸಿದೆ, ಜಾಯಿಂಟುಗಳನ್ನೆಲ್ಲ ಮತ್ತೆ ಬೆಸೆದೆ. ಸೂಪರ್‌ವೈಸರ್ ನನ್ನ ಕೈಯನ್ನೇ ಅನುಮಾನಿಸಿದರು, ನನಗೆ ಅಳು ಬಂದಿತ್ತು. ನಾಲ್ಕನೇ ದಿನ ಸಂಜೆ ಮೀಟರ್ ನೋಡುತ್ತಾ ಕೂತಾಗ ಪಕ್ಕದ ಮೇಜಿನಾಕೆ ಟೀ ತಂದು ನನ್ನ ಪಕ್ಕ ನಿಂತರು. ಅವರ ನೆರಳು ಬೋರ್ಡಿನ ಮೇಲೆ ಬಿತ್ತು. ಮೀಟರಿನ ಮುಳ್ಳು ತಟಕ್ಕನೆ ತನ್ನ ಜಾಗಕ್ಕೆ ಬಂದು ಕೂತಿತು. ಸ್ವಲ್ಪ ಸರೀರಿ ಅಂದೆ, ಸರಿದರು, ಮುಳ್ಳು ಮತ್ತೆ ಓಡಿತು. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ಗಾಜಿನ ಮೈಯ ಒಂದು ಸಣ್ಣ ಡಯೋಡಿನ ಮೇಲೆ ಬೀಳುತ್ತಿತ್ತು. ಗಾಜಿನೊಳಗಿನ ಸಿಲಿಕಾನ್‌ಗೆ ಬೆಳಕು ತಾಗಿದರೆ ಅದರ ಸೋರಿಕೆ ಹೆಚ್ಚುತ್ತದೆ. ಒಂದು ಚೂರು ಕಪ್ಪು ಟೇಪ್ ಸುತ್ತಿದೆ. ಮುಗಿಯಿತು. ಬೆಳಕೂ ಸರ್ಕ್ಯೂಟಿನ ಒಂದು ಬಿಡಿಭಾಗ ಎಂದು ನನಗೆ ಅವತ್ತು ಗೊತ್ತಾಯಿತು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನೀನು ಕರೆಯದೆಯೂ ಬಂದು ಕೂರುತ್ತದೆ.

ಆಮೇಲೆ ಎಷ್ಟೋ ವರ್ಷದ ಮೇಲೆ ಓದಿದೆ: ನಿನ್ನ ಎಲ್‌ಡಿಆರ್‌ನ ವಂಶದ ಕಥೆ ಶುರುವಾದದ್ದೂ ಹೀಗೇ. ಇಂಗ್ಲೆಂಡಿನಲ್ಲಿ ವಿಲೋಬಿ ಸ್ಮಿತ್ ಎಂಬ ಎಂಜಿನಿಯರ್ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳ ಪರೀಕ್ಷೆಗೆ ಬಹಳ ಹೆಚ್ಚಿನ ರೋಧ ಬೇಕೆಂದು ಸೆಲೆನಿಯಮ್ ಕಡ್ಡಿಗಳನ್ನು ಬಳಸುತ್ತಿದ್ದ. ಅಳತೆ ಒಂದೇ ಸಮ ನಿಲ್ಲುತ್ತಲೇ ಇರಲಿಲ್ಲ. ಕಡ್ಡಿಗಳಿದ್ದ ಪೆಟ್ಟಿಗೆಯ ಮುಚ್ಚಳ ಮುಚ್ಚಿದರೆ ರೋಧ ಏರುತ್ತದೆ, ತೆರೆದರೆ ಇಳಿಯುತ್ತದೆ ಎಂದು ಕಂಡುಕೊಂಡು 1873ರಲ್ಲಿ ಅದನ್ನು ಪ್ರಕಟಿಸಿದ. ನಿಲ್ಲದ ಅಳತೆಯನ್ನು ಹಾಳು ಅಳತೆ ಎಂದು ಎಸೆದಿದ್ದರೆ ಆ ಕಥೆ ಅಲ್ಲೇ ನಿಲ್ಲುತ್ತಿತ್ತು. ನಿನ್ನ ಕೈಯಲ್ಲಿರುವುದು ಸೆಲೆನಿಯಮ್ ಅಲ್ಲ, ಕ್ಯಾಡ್ಮಿಯಮ್ ಸಲ್ಫೈಡ್. ಆ ಹಾವಿನಂಥ ಗೆರೆಯ ಮೇಲ್ಮೈಯನ್ನು ಕೆರೆಯಬೇಡ, ಒಡೆದದ್ದನ್ನು ಬರಿಗೈಯಲ್ಲಿ ಮುಟ್ಟಬೇಡ, ಕ್ಯಾಡ್ಮಿಯಮ್ ವಿಷ.

ನಿನ್ನ ಕೋಣೆಯ ಮೇಜಿನ ಮೇಲೆ ಟಾರ್ಚ್ ಬಿಟ್ಟಾಗ ನಡೆಯುವ ಸರ್ಕ್ಯೂಟ್ ಸ್ಪರ್ಧೆ ನಡೆಯುವ ನಿಮ್ಮ ಕಾಲೇಜಿನ ಹಾಲಿನಲ್ಲಿ (ಸಭಾಂಗಣದಲ್ಲಿ) ನಡೆಯುತ್ತದೆಂಬ ಖಾತ್ರಿ ಏನೂ ಇಲ್ಲ. ನಮ್ಮ ಕಣ್ಣು ಈ ವಿಷಯದಲ್ಲಿ ದೊಡ್ಡ ಮೋಸಗಾರ. ರಾತ್ರಿ ಬಲ್ಬಿನ ಕೆಳಗೆ ನೂರು ಇನ್ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ನಡುಹಗಲ ಬಿಸಿಲು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಎರಡರಲ್ಲೂ ನೀನು ಪುಸ್ತಕ ಓದುತ್ತೀಯ, ಅಂಥ ವ್ಯತ್ಯಾಸವೇನೂ ಅನ್ನಿಸುವುದಿಲ್ಲ. ಎಲ್‌ಡಿಆರ್‌ಗೆ ಅದು ಆಕಾಶ ಭೂಮಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಐದು ಮಿಲಿಮೀಟರಿನದು ಹತ್ತು ಲಕ್ಸ್‌ನಲ್ಲಿ 10ರಿಂದ 20 ಕಿಲೋಓಮ್ ತೋರಿಸಿದರೆ, ಕತ್ತಲಲ್ಲಿ ಹತ್ತು ಲಕ್ಷ ಓಮ್‌ಗೆ ಏರುತ್ತದೆ, ಬಿಸಿಲಿಗೆ ಹಿಡಿದರೆ ಕೆಲವು ನೂರಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದುಬಿಡುತ್ತದೆ.

ಆದ್ದರಿಂದ ಹೀಗೆ ಮಾಡು. ಸ್ಪರ್ಧೆ ಬೆಳಿಗ್ಗೆ ಹನ್ನೊಂದಕ್ಕಾದರೆ ಹನ್ನೊಂದಕ್ಕೇ ಹಾಲಿಗೆ ಹೋಗು. ಕಿಟಕಿ, ಪರದೆ, ಟ್ಯೂಬ್‌ಲೈಟು ಎಲ್ಲ ಅವತ್ತು ಹೇಗಿರುತ್ತವೋ ಹಾಗೆ ಇರಲಿ. ಯಾರನ್ನಾದರೂ ಕೇಳಿ ತಿಳಿದುಕೊ. ಎಲ್‌ಡಿಆರ್‌ನ ಎರಡು ಕಾಲಿಗೆ ಮೀಟರ್ ಹಚ್ಚಿ, ಬಂಡಿಯ ಎತ್ತರದಲ್ಲಿ, ಅಂದರೆ ನೆಲದಿಂದ ನಾಲ್ಕು ಬೆರಳು ಮೇಲೆ ಹಿಡಿದು, ಓಟದ ದಾರಿಯ ಉದ್ದಕ್ಕೂ ಐದಾರು ಕಡೆ ಅಳೆ. ನಾಲ್ಕು ದಿಕ್ಕಿಗೂ ತಿರುಗಿಸಿ ಅಳೆ. ಕಿಟಕಿಯ ಪಕ್ಕ ಒಂದು ಸಂಖ್ಯೆ, ವೇದಿಕೆಯ ಪಕ್ಕ ಇನ್ನೊಂದು ಸಿಗುತ್ತದೆ. ಆಮೇಲೆ ಅದೇ ಜಾಗಗಳಲ್ಲಿ, ನಿಯಮದಲ್ಲಿ ಹೇಳಿದ ದೂರದಿಂದ ಟಾರ್ಚ್ ಬಿಟ್ಟು ಅಳೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗಂಟೆ ಸಮೇತ ಬರೆ. ಒಂದು ಎಚ್ಚರ: ಕತ್ತಲ ಡಬ್ಬಿಯಿಂದ ಆಗ ತಾನೇ ತೆಗೆದ ಎಲ್‌ಡಿಆರ್ ಹೇಳುವ ಸಂಖ್ಯೆ ಬೇರೆ, ಐದು ಹತ್ತು ನಿಮಿಷ ಬೆಳಕಿಗೆ ಒಗ್ಗಿದ ಮೇಲೆ ಹೇಳುವುದು ಬೇರೆ. ಸ್ಪರ್ಧೆಯ ದಿನವೂ ಬಂಡಿಯನ್ನು ಚೀಲದಿಂದ ಮೊದಲೇ ತೆಗೆದು ಹಾಲಿನಲ್ಲಿ ಕೂರಿಸು.

ಈಗ ಆ ಸಂಖ್ಯೆಗಳಿಂದ ಏನು ಮಾಡಬೇಕು? ಹಾಲಿನ ಬೆಳಕಿನಲ್ಲಿ 4000 ಓಮ್, ಟಾರ್ಚ್ ಬಿದ್ದಾಗ 400 ಓಮ್ ಸಿಕ್ಕಿತು ಅಂದುಕೊ. ಎಲ್‌ಡಿಆರ್ ಮೇಲೆ, ಅದರ ಕೆಳಗೆ ಒಂದು ರೆಸಿಸ್ಟರ್, ನಡುವಿನಿಂದ ವೋಲ್ಟೇಜ್ ತೆಗೆಯುತ್ತೀಯ. ಆ ಕೆಳಗಿನದಕ್ಕೆ ನೀನು ಎಲ್ಲರಂತೆ 10 ಕಿಲೋಓಮ್ ಹಾಕಿದ್ದೀಯ. ಆರು ವೋಲ್ಟ್ ಸಪ್ಲೈಗೆ ಲೆಕ್ಕ ಹಾಕು: ಹಾಲಿನ ಬೆಳಕಿನಲ್ಲೇ 4.3 ವೋಲ್ಟ್ ಇದೆ, ಟಾರ್ಚ್ ಬಿಟ್ಟರೆ 5.8. ವ್ಯತ್ಯಾಸ ಒಂದೂವರೆ ವೋಲ್ಟ್. ಬೆಳಕಿಲ್ಲದಾಗಲೇ ಕಣ್ಣು ಮುಕ್ಕಾಲು ತೆರೆದು ಕೂತಿದೆ. ಈಗ 4000 ಮತ್ತು 400 ಗುಣಿಸಿ ವರ್ಗಮೂಲ ತೆಗೆ. ಸುಮಾರು 1265. ಅಂಗಡಿಯಲ್ಲಿ ಸಿಗುವ 1.2 ಕಿಲೋಓಮ್ ಹಾಕು. ಹಾಲಿನ ಬೆಳಕಿನಲ್ಲಿ 1.4 ವೋಲ್ಟ್, ಟಾರ್ಚಿಗೆ 4.5. ಮೂರು ವೋಲ್ಟಿನ ಅಂತರ, ಅದೂ ಸಪ್ಲೈನ ನಟ್ಟನಡುವೆ. ಒಂದು ರೂಪಾಯಿಯ ರೆಸಿಸ್ಟರ್ ಬದಲಿಸಿದ್ದಕ್ಕೆ ನಿನ್ನ ಬಂಡಿಯ ಕಣ್ಣು ಎರಡು ಪಟ್ಟು ಚುರುಕಾಯಿತು. ತೀರ್ಪುಗಾರರು ಬಂದು "ಇದು ಯಾಕೆ 1.2?" ಎಂದು ಕೇಳಿದರೆ ಆ ನೋಟ್‌ಬುಕ್ಕಿನ ಪುಟ ತೆಗೆದು ತೋರಿಸು. ನಿನ್ನ ಮಾತಿಗೆ ಆಗ ಬರುವ ಗಟ್ಟಿತನವೇ ಬೇರೆ.

ಆದರೂ ಅವತ್ತು ಮೋಡ ಬಂದರೆ? ಯಾರೋ ಒಬ್ಬರು ಪರದೆ ಸರಿಸಿದರೆ? ಇದಕ್ಕೆ ಒಂದು ಉಪಾಯ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಮೂರನೆಯ ಎಲ್‌ಡಿಆರ್ ಒಂದನ್ನು ಬಂಡಿಯ ಬೆನ್ನ ಮೇಲೆ ಚಾವಣಿ ನೋಡುವಂತೆ ಕೂರಿಸು. ಅದು ಟಾರ್ಚನ್ನು ನೋಡಬಾರದು, ಹಾಲಿನ ಬೆಳಕನ್ನಷ್ಟೇ ನೋಡಬೇಕು. ಅದರ ಕೆಳಗೆ 3.3 ಕಿಲೋಓಮ್ ಹಾಕು. ಮುಂದಿನ ಎರಡು ಕಣ್ಣುಗಳ ಕೆಳಗೆ ತಲಾ 1.2. ಎಲ್‌ಎಂ358 ಎಂಬ ಎಂಟು ಕಾಲಿನ ಐಸಿಯಲ್ಲಿ, ಎರಡು ವೋಲ್ಟೇಜುಗಳನ್ನು ಹೋಲಿಸಿ ನೋಡುವ ಎರಡು ಆಪ್‌ಆಂಪ್ ಇವೆ. ಎರಡರ ಮೈನಸ್ ಕಾಲಿಗೂ ಬೆನ್ನಿನ ಕಣ್ಣಿನ ವೋಲ್ಟೇಜ್ ಕೊಡು, ಒಂದರ ಪ್ಲಸ್‌ಗೆ ಎಡಗಣ್ಣು, ಇನ್ನೊಂದರ ಪ್ಲಸ್‌ಗೆ ಬಲಗಣ್ಣು. ಈಗ ಕಾಗದದ ಮೇಲೆ ಬಿಡಿಸಿ ನೋಡು: ಮುಂದಿನ ಕಣ್ಣಿನ ರೋಧ ಬೆನ್ನಿನ ಕಣ್ಣಿನ ರೋಧದ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದರೆ ಮಾತ್ರ ಔಟ್‌ಪುಟ್ ಏಳುತ್ತದೆ. ಹಾಲು ಮಂಕಾದರೂ ಅದೇ ಪಾಲು, ಬೆಳಗಿದರೂ ಅದೇ ಪಾಲು. ಸೆಲ್ ಇಳಿದು ಆರು ಐದೂವರೆ ಆದರೂ ಅದೇ, ಯಾಕೆಂದರೆ ಎರಡೂ ಕಡೆ ಒಟ್ಟಿಗೆ ಇಳಿಯುತ್ತವೆ. ಟಾರ್ಚ್ ಎಷ್ಟು ಪ್ರಕಾಶ ಅನ್ನುವುದನ್ನು ಬಿಟ್ಟು, ಸುತ್ತಲಿಗಿಂತ ಎಷ್ಟು ಪಾಲು ಹೆಚ್ಚು ಅನ್ನುವುದನ್ನು ಬಂಡಿ ನೋಡತೊಡಗುತ್ತದೆ.

ಇದು ನಡೆಯಬೇಕಾದರೆ ಮೂರು ಕಣ್ಣುಗಳೂ ಒಂದೇ ಜಾತಿಯವಾಗಿರಬೇಕು. ಒಂದೇ ನಂಬರಿನ ಎಲ್‌ಡಿಆರ್‌ಗಳಲ್ಲೂ ಒಂದು ಇನ್ನೊಂದರ ಎರಡರಷ್ಟು ಇರಬಹುದು, ಅದು ಅವುಗಳ ಹುಟ್ಟುಗುಣ. ಹತ್ತು ಕೊಂಡು ತಾ. ಒಂದೇ ಬಲ್ಬಿನ ಕೆಳಗೆ, ಒಂದೇ ಜಾಗದಲ್ಲಿ ಒಂದೊಂದಾಗಿ ಇಟ್ಟು ಅಳೆ, ಹತ್ತಿರದ ಮೂರನ್ನು ಆರಿಸು. ಅಕ್ಕಿ ಆರಿಸಿದಂತೆ ನಾವು ಕಾರ್ಖಾನೆಯಲ್ಲಿ ದಿನಗಟ್ಟಲೆ ಟ್ರಾನ್ಸಿಸ್ಟರ್ ಆರಿಸುತ್ತಿದ್ದೆವು. ಬೇಸರದ ಕೆಲಸ ಎಂದು ಅದನ್ನು ಸ್ನೇಹಿತನಿಗೆ ದಾಟಿಸಬೇಡ, ನೀನೇ ಕೂತು ಮಾಡು. 3.3ರ ಜಾಗಕ್ಕೆ ಹತ್ತು ಕಿಲೋಓಮ್ ಪ್ರೀಸೆಟ್ (ತಿರುಪಿ ಬದಲಿಸುವ ರೆಸಿಸ್ಟರ್) ಹಾಕಿದರೆ ಹಾಲಿನಲ್ಲಿ ಸ್ವಲ್ಪ ಅತ್ತಿತ್ತ ತಿದ್ದಬಹುದು. ತಿದ್ದಿದ ಮೇಲೆ ಅದರ ತಲೆಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿಬಿಡು, ಬಂಡಿ ನಡುಗಿದಾಗ ತಿರುಗುವುದಿಲ್ಲ.

ಮುಂದಿನ ಎರಡು ಕಣ್ಣಿಗೆ ಕೊಳವೆ ಬೇಕು. ಸ್ಕೆಚ್ ಪೆನ್ನಿನ ಮುಚ್ಚಳದ ತುದಿ ಕತ್ತರಿಸಿದರೆ ಸಾಕು. ಒಳಗೆ ಹೊಳೆಯದ ಕಪ್ಪು ಕಾಗದ, ಹೊರಗೆ ಕಪ್ಪು ಟೇಪ್, ಉದ್ದ ಎರಡು ಮೂರು ಸೆಂಟಿಮೀಟರ್. ಎಲ್‌ಡಿಆರ್‌ನ ಬೆನ್ನಿಗೂ ಟೇಪ್ ಹಚ್ಚು, ಹಿಂದಿನಿಂದಲೂ ಬೆಳಕು ನುಸುಳುತ್ತದೆ. ಎರಡು ಕೊಳವೆಗಳನ್ನು ತುಸು ಹೊರಕ್ಕೆ ಓರೆ ಮಾಡು. ಹೀಗೆ ಕೊಳವೆ ತೊಡಿಸಿದಾಗ ಹಾಲಿನ 4000 ಇನ್ನೂ ಏರುತ್ತದೆ, ಟಾರ್ಚಿನ 400 ಹೆಚ್ಚೇನೂ ಬದಲಾಗುವುದಿಲ್ಲ, ಅದೇ ನಿನಗೆ ಲಾಭ. ಆದರೆ ಕೊಳವೆ ಹಾಕಿದ ಮೇಲೆ ಇನ್ನೊಮ್ಮೆ ಅಳೆದು ರೆಸಿಸ್ಟರ್ ಲೆಕ್ಕವನ್ನು ಹೊಸದಾಗಿ ಮಾಡು.

ನಿನ್ನ ಸ್ನೇಹಿತ ಎಲ್‌ಡಿಆರ್ ನಿಧಾನ, ಫೋಟೋಟ್ರಾನ್ಸಿಸ್ಟರ್ ಹಾಕೋಣ ಅಂದನಂತೆ. ನಿಧಾನ ನಿಜ, ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಡೆಯುವ ಬಂಡಿಗೆ ಅಷ್ಟು ಧಾರಾಳ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಆಡುತ್ತದೆ, ಟ್ಯೂಬ್‌ಲೈಟು 100 ಸಲ ಮಿನುಗುತ್ತದೆ. ಚುರುಕಿನ ಫೋಟೋಟ್ರಾನ್ಸಿಸ್ಟರ್ ಆ ಮಿನುಗನ್ನೆಲ್ಲ ನೋಡಿ ನಿನ್ನ ಮೋಟರಿಗೆ ವರದಿ ಒಪ್ಪಿಸುತ್ತದೆ. ಈ ಕೆಲಸಕ್ಕೆ ಮಂದಗಣ್ಣೇ ಒಳ್ಳೆಯದು.

ಬೆಳಕು ಅಂಚಿನಲ್ಲಿರುವಾಗ ಮೋಟರ್ ಗಡಗಡ ನಡುಗುವುದನ್ನು ನೀನು ನೋಡಿಯೇ ನೋಡುತ್ತೀಯ, ಓಡಲೂ ಆಗದೆ ನಿಲ್ಲಲೂ ಆಗದೆ. ಕಣ್ಣಿನ ವೋಲ್ಟೇಜ್ ಪ್ಲಸ್ ಕಾಲಿಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ಇಡು, ಔಟ್‌ಪುಟ್‌ನಿಂದ ಅದೇ ಪ್ಲಸ್ ಕಾಲಿಗೆ 100 ಕಿಲೋಓಮ್ ಹಿಂದಕ್ಕೆ ತಾ. ಆಗ ಹೊರಡುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ಸುಮಾರು ಅರ್ಧ ವೋಲ್ಟ್ ಅಂತರ ಬೀಳುತ್ತದೆ. ಒಮ್ಮೆ ಹೊರಟರೆ ಗಟ್ಟಿಯಾಗಿ ಹೊರಡುತ್ತದೆ. ಔಟ್‌ಪುಟ್‌ನಿಂದ 220 ಓಮ್ ದಾಟಿ ಮಾಸ್ಫೆಟ್ಟಿನ ಗೇಟು, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಎಲ್‌ಎಂ358ರ ಔಟ್‌ಪುಟ್ ಸಪ್ಲೈಗಿಂತ ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ, ಆರಕ್ಕೆ ನಾಲ್ಕೂವರೆ. ಆ 'ಎಲ್' ಅಕ್ಷರದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ತಿರುಗುವ ಲೆಕ್ಕ ಸುಲಭ, ಆದರೆ ಎಲ್ಲರೂ ಒಮ್ಮೆ ತಪ್ಪುತ್ತಾರೆ: ಎಡಗಣ್ಣು ಬಲ ಮೋಟರನ್ನು ಓಡಿಸಬೇಕು, ಬಲಗಣ್ಣು ಎಡ ಮೋಟರನ್ನು. ಎಡಕ್ಕೆ ಬೆಳಕಿದ್ದರೆ ಬಲ ಚಕ್ರ ಮುಂದೆ ನೂಕುತ್ತದೆ, ಬಂಡಿ ಎಡಕ್ಕೆ ತಿರುಗುತ್ತದೆ. ತಂತಿ ಅದಲು ಬದಲಾದರೆ ಬೆಳಕು ಕಂಡರೆ ಹೆದರಿ ಓಡುವ ಬಂಡಿಯಾಗುತ್ತದೆ. 1948-49ರ ಹೊತ್ತಿಗೆ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮೆದುಳಿನ ವಿಜ್ಞಾನಿ ಎಲ್ಮರ್, ಎಲ್ಸಿ ಎಂದು ಹೆಸರಿಟ್ಟು ಎರಡು ಯಂತ್ರದ ಆಮೆಗಳನ್ನು ಮಾಡಿದ್ದ. ಒಂದೊಂದರಲ್ಲಿ ಎರಡೇ ರೇಡಿಯೋ ವಾಲ್ವು, ಬೆಳಕು ನೋಡುವ ಕಣ್ಣು ಒಂದೇ. ದೀಪ ಹುಡುಕಿಕೊಂಡು ಹೋಗುತ್ತಿದ್ದವು, ಬ್ಯಾಟರಿ ಇಳಿದಾಗ ದೀಪವಿದ್ದ ಗೂಡಿಗೆ ಹೋಗಿ ಚಾರ್ಜ್ ಆಗುತ್ತಿದ್ದವು. ಅಷ್ಟು ಕಡಿಮೆ ಸಾಮಾನಿನಲ್ಲಿ ಅಷ್ಟು ಜೀವ ತುಂಬಿದ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ಮೈಕ್ರೋಕಂಟ್ರೋಲರ್ ಬೇಡ ಅಂದ ನಿಮ್ಮ ಮೇಷ್ಟ್ರಿಗೆ ಬಹುಶಃ ಆ ಆಮೆಗಳು ಗೊತ್ತಿವೆ.

ಮೋಟರು ನಿಂತಾಗ ಅದರ ಸುರುಳಿ ಹಿಂದಕ್ಕೆ ಒದೆಯುತ್ತದೆ. ಪ್ರತಿ ಮೋಟರಿಗೂ ಅಡ್ಡಲಾಗಿ ಒಂದು 1ಎನ್5819 ಡಯೋಡ್, ಗೆರೆಯಿರುವ ತುದಿ ಪ್ಲಸ್ ಕಡೆಗೆ. ಮೋಟರಿನ ಕಿವಿಗಳಿಗೇ ಬೆಸೆದ, 104 ಎಂದು ಬರೆದಿರುವ (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಒಂದು. ಸಪ್ಲೈ ಮೇಲೆ 470 ಮೈಕ್ರೋಫ್ಯಾರಡ್. ಮೋಟರಿನ ಗ್ರೌಂಡ್ ತಂತಿ ಮತ್ತು ಕಣ್ಣುಗಳ ಗ್ರೌಂಡ್ ತಂತಿ ಬ್ಯಾಟರಿಯ ಬಾಯಲ್ಲೇ ಕೂಡಲಿ, ನಡುವೆ ಎಲ್ಲೂ ಕೂಡಬಾರದು.

ಬ್ರೆಡ್‌ಬೋರ್ಡನ್ನು ಓಡುವ ಬಂಡಿಯ ಮೇಲೆ ಇಡಬೇಡ. ತೂತಿನ ಬೋರ್ಡು ತಂದು ಬೆಸುಗೆ ಹಾಕು. ಐರನ್ನಿನ ಮೂತಿ ಕಾಲಿಗೂ ತಾಮ್ರದ ಬಿಲ್ಲೆಗೂ ಒಟ್ಟಿಗೆ ತಾಗಲಿ, ಎರಡು ಎಣಿಸು, ಆಮೇಲೆ ಸಾಲ್ಡರನ್ನು ಐರನ್ನಿಗಲ್ಲ, ಆ ಕೂಡುವ ಜಾಗಕ್ಕೆ ತಾಗಿಸು. ನೀರಿನಂತೆ ಹರಿದು ತಳದಲ್ಲಿ ಹರಡಿ ಮೇಲಕ್ಕೆ ಸಣ್ಣಗಾಗಬೇಕು. ಗೋಲಿಯಂತೆ ನಿಂತರೆ ಅದು ಅಂಟಿಲ್ಲ, ಕೂತಿದೆಯಷ್ಟೇ. ಆರುವವರೆಗೆ ಅಲುಗಾಡಿಸಬೇಡ. ಕಿಟಕಿ ತೆರೆದಿರಲಿ, ಮುಗಿಸಿದ ಮೇಲೆ ಸೋಪು ಹಾಕಿ ಕೈ ತೊಳೆದೇ ತಿಂಡಿ ಮುಟ್ಟು. ಸಾಲ್ಡರಿನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ.

ಇನ್ನೊಂದು ವಿಷಯ. ನಿಮ್ಮಪ್ಪ ಬಹುಮಾನದ ಮಾತನ್ನೇ ಆಡುತ್ತಿದ್ದಾನೆ ಎಂದು ಬೇಜಾರು ಮಾಡಿಕೊಂಡೆ. ಅವನು ನನ್ನ ತಮ್ಮ, ಅವನ ಆಸೆ ನನಗೆ ಗೊತ್ತು. ನಾನು ಮಾತಾಡುತ್ತೇನೆ, ಅದನ್ನು ನನಗೆ ಬಿಡು. ನೀನು ತಂಡದ ಹುಡುಗರ ಜೊತೆ ಸಿಡುಕಬೇಡ. ಮೊನ್ನೆ ವೈರಿಂಗ್ ತಪ್ಪು ಮಾಡಿದ್ದು ತಂಡದ ಆ ಹುಡುಗ ಎಂದೆಯಲ್ಲ, ನನಗೆ ಅದು ಹಿಡಿಸಲಿಲ್ಲ ಪುಟ್ಟಾ. ನಮ್ಮ ಟೆಸ್ಟಿಂಗ್ ಮೇಜಿನಲ್ಲಿ ಬೋರ್ಡಿನ ಚೀಟಿಯ ಮೇಲೆ ಎಲ್ಲಿ ಏನು ತಪ್ಪಿದೆ ಎಂದು ಬರೆಯುತ್ತಿದ್ದೆವು, ಯಾರು ಮಾಡಿದ್ದು ಎಂದು ಬರೆಯುತ್ತಿರಲಿಲ್ಲ. ಕೆಲಸ ಬೇಗ ಸಾಗುತ್ತಿತ್ತು, ಮಧ್ಯಾಹ್ನ ಡಬ್ಬಿಯನ್ನೂ ಒಟ್ಟಿಗೆ ಬಿಚ್ಚುತ್ತಿದ್ದೆವು. ಆ ಹುಡುಗನ ಹತ್ತಿರ ಹೋಗಿ ಮಾತಾಡು. ಹಾಲಿನಲ್ಲಿ ಟಾರ್ಚ್ ಹಿಡಿಯಲು ಒಬ್ಬರು, ಮೀಟರ್ ಓದಲು ಒಬ್ಬರು, ಬರೆಯಲು ಒಬ್ಬರು, ಮೂವರು ಬೇಕೇ ಬೇಕು.

ಸ್ಪರ್ಧೆಯ ಹಿಂದಿನ ಸಂಜೆ ಏನನ್ನೂ ಬದಲಿಸಬೇಡ. ಹೊಸ ಸೆಲ್ ಹಾಕಿ, ಹತ್ತು ಸಲ ಓಡಿಸಿ, ಎಷ್ಟು ಸಲ ಸರಿಯಾಯಿತು ಎಂದು ಬರೆದು, ಮಲಗು.

ಬುಧವಾರ ನಿಮ್ಮಪ್ಪ ಶಿವಮೊಗ್ಗಕ್ಕೆ ಬರುತ್ತಾನಲ್ಲ, ಅವನ ಕೈಯಲ್ಲಿ ನನ್ನ ಮುಳ್ಳಿನ ಮಲ್ಟಿಮೀಟರ್ ಕಳಿಸುತ್ತಿದ್ದೇನೆ. ಅವತ್ತು ನೆರಳು ಸರಿದಾಗ ಓಡಿದ ಮುಳ್ಳು ಕಾರ್ಖಾನೆಯದು. ಇದು ಆಮೇಲೆ ಮೊದಲ ಬೋನಸ್ಸಿನಲ್ಲಿ ಕೊಂಡದ್ದು. ಬೆಳಕು ಬದಲಾಗುವುದನ್ನು ಅಂಕೆಗಳಿಗಿಂತ ಮುಳ್ಳು ಚೆನ್ನಾಗಿ ತೋರಿಸುತ್ತದೆ. ಕೊಳವೆಯ ಮುಂದೆ ಕೈಯಾಡಿಸಿ ನೋಡು, ಗೊತ್ತಾಗುತ್ತದೆ. ಓಮ್ ಅಳೆಯುವ ಮೊದಲು ಎರಡು ಮೊನೆ ತಾಗಿಸಿ ಪಕ್ಕದ ತಿರುಪಿನಿಂದ ಮುಳ್ಳನ್ನು ಸೊನ್ನೆಗೆ ತರಬೇಕು. ಬರದಿದ್ದರೆ ಒಳಗಿನ ಸೆಲ್ ಹಳೆಯದಾಗಿದೆ, ಬದಲಿಸಿಕೊ. ಕೆಂಪು ತಂತಿಯ ಬುಡದಲ್ಲಿ ಟೇಪ್ ಸುತ್ತಿದ್ದೇನೆ, ಅದನ್ನು ಎಳೆಯಬೇಡ. ಜೊತೆಗೆ ನಿಪ್ಪಟ್ಟಿನ ಡಬ್ಬಿ ಇದೆ, ಅದು ಮೂವರಿಗೂ.

ಮೀಟರ್ ಕೈಗೆ ಬಂದ ದಿನವೇ ಹಾಲಿಗೆ ಹೋಗಿ ಅಳೆ. ಕಿಟಕಿ ಪಕ್ಕದ್ದು, ನಡುವಿನದು, ವೇದಿಕೆ ಪಕ್ಕದ್ದು, ಟಾರ್ಚ್ ಇಲ್ಲದೆ ಮೂರು, ಟಾರ್ಚ್ ಬಿಟ್ಟು ಮೂರು, ಒಟ್ಟು ಆರು ಸಂಖ್ಯೆ ನನಗೆ ಫೋನಿನಲ್ಲಿ ಓದಿ ಹೇಳು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ, ಪೆನ್ಸಿಲ್ ಕಾಗದ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ಇತಿ ನಿನ್ನ ಪ್ರೀತಿಯ
ಅತ್ತೆ

ಮರೆತಿದ್ದೆ: ಮಾಸ್ಫೆಟ್ಟನ್ನು ಅದು ಬಂದ ಕಪ್ಪು ಸ್ಪಂಜಿನಿಂದ ತೆಗೆಯುವ ಮೊದಲು ಬೀರುವಿನ ಕಬ್ಬಿಣವನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟು. ಮೈಮೇಲಿನ ಬಟ್ಟೆಯ ಚಟಪಟ ವಿದ್ಯುತ್ತಿಗೂ ಅದರ ಗೇಟು ಹೋಗಬಹುದು, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.